ಪಂಕ್ತಿಯ ಆಚೆ ಒಂದು ಕುರ್ಚಿ

ಹಬ್ಬದ ದಿನ ಊಟಕ್ಕೆ ಯಾರನ್ನು ಕರೆದರು ಎಂಬುದು ಒಂದು ಪ್ರಶ್ನೆ. ಕರೆದವರನ್ನು ಎಲ್ಲಿ ಕೂರಿಸಿದರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳುವುದು ಸುಲಭ. ಎರಡನೆಯದು ಮನೆಯ ಯಜಮಾನನ ಮನಸ್ಸನ್ನು ಒರೆಗೆ ಹಚ್ಚುತ್ತದೆ. ಪಂಕ್ತಿಭೇದವೆಂಬ ನಮ್ಮ ಮಾತಿನ ನೋವೆಲ್ಲ ಈ ಎರಡನೆಯ ಪ್ರಶ್ನೆಯಲ್ಲಿಯೇ ಇದೆ. ಅಮೆರಿಕದ ಮಕ್ಕಳಿಗಾಗಿ ಹಿಂದೆ ತಯಾರಾದ ಹಬ್ಬದ ಕಾರ್ಟೂನ್ ಚಿತ್ರಗಳನ್ನು ಕುರಿತು ಬರೆಯಹೊರಟವನು ಈ ಮಾತಿನಿಂದ ಆರಂಭಿಸುವುದು ವಾಚಕರಿಗೆ ವಿಚಿತ್ರವೆಂದು ತೋರಬಹುದು. ಆದರೆ ನನ್ನನ್ನು ಆ ಚಿತ್ರಗಳ ವಿಚಾರಕ್ಕೆ ಎಳೆದು ತಂದುದು ಈ ಮಾತೇ. ಅದನ್ನು ನನಗೆ ನೆನಪಿಸಿದವನು ನನ್ನ ಒಬ್ಬ ವಿದ್ಯಾರ್ಥಿ.

ಎರಡು ವರ್ಷಗಳ ಹಿಂದೆ ಪದವಿ ತರಗತಿಯಲ್ಲಿ ಸಾಹಿತ್ಯ ಮತ್ತು ಪ್ರಾತಿನಿಧ್ಯ ಎಂಬ ವಿಷಯವನ್ನು ಪಾಠ ಹೇಳುತ್ತಿದ್ದೆ. ಶಬ್ದ ದೊಡ್ಡದು; ಉದಾಹರಣೆಯಿಲ್ಲದೆ ವಿವರಿಸಿದರೆ ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆಯೇ ಹೊರತು ತಿಳಿದುಕೊಳ್ಳುವುದಿಲ್ಲ. ಆದುದರಿಂದ ಎಲ್ಲರಿಗೂ ಸುಲಭವಾಗಿ ಅರ್ಥವಾಗುವ ಒಂದು ಕಾರ್ಟೂನ್ ಚಿತ್ರದ ದೃಶ್ಯವನ್ನು ತೆರೆಯ ಮೇಲೆ ತೋರಿಸಿದೆ. ಅದು ಚಾರ್ಲ್ಸ್ ಶುಲ್ಜ್ ಎಂಬ ಪ್ರಸಿದ್ಧ ವ್ಯಂಗ್ಯಚಿತ್ರಕಾರನ ‘ಪೀನಟ್ಸ್’ ಮಾಲೆಯ ಪಾತ್ರಗಳನ್ನುಳ್ಳ, 1973ರ ನವೆಂಬರ್ 20ರಂದು ಅಮೆರಿಕದ ಟೆಲಿವಿಷನ್ನಿನಲ್ಲಿ ಮೊದಲು ಪ್ರಸಾರವಾದ, ‘ಎ ಚಾರ್ಲಿ ಬ್ರೌನ್ ಥ್ಯಾಂಕ್ಸ್‌ಗಿವಿಂಗ್’ ಎಂಬ ಚಿತ್ರ. ಥ್ಯಾಂಕ್ಸ್‌ಗಿವಿಂಗ್ ಎಂಬುದು ಆ ದೇಶದವರು ನವೆಂಬರಿನಲ್ಲಿ ಆಚರಿಸುವ ಕೃತಜ್ಞತೆಯ ಹಬ್ಬ. ಮನೆಮಂದಿಯೆಲ್ಲ ಕೂಡಿ ಉಣ್ಣುವುದೇ ಅದರ ಮುಖ್ಯ ವಿಧಿ. ಕಥೆಯಲ್ಲಿ ಪೆಪರ್‌ಮಿಂಟ್ ಪ್ಯಾಟಿ ಎಂಬ ಹುಡುಗಿ, ಚಾರ್ಲಿ ಬ್ರೌನ್ ಕರೆಯದಿದ್ದರೂ ಅವನ ಮನೆಗೆ ಊಟಕ್ಕೆ ಬರುತ್ತೇನೆಂದು ಹೇಳಿ, ಜೊತೆಗೆ ಮಾರ್ಸಿ, ಫ್ರಾಂಕ್ಲಿನ್ ಎಂಬ ಇನ್ನಿಬ್ಬರನ್ನೂ ಸೇರಿಸಿಬಿಡುತ್ತಾಳೆ. ಪಾಪ, ಚಾರ್ಲಿ ಬ್ರೌನನಿಗೆ ಅಡಿಗೆ ಬಾರದು. ಅವನ ನಾಯಿ ಸ್ನೂಪಿ ಹಿತ್ತಲಿನಲ್ಲಿ ಪಿಂಗ್‌ಪಾಂಗ್ ಆಡುವ ಮೇಜನ್ನು ಹಾಕಿ, ಸುಟ್ಟ ಬ್ರೆಡ್ಡು, ಜೋಳದ ಅರಳು, ಜೆಲ್ಲಿ ಮಿಠಾಯಿ ಇವುಗಳನ್ನು ಬಡಿಸುತ್ತದೆ. ದೃಶ್ಯ ಬಹಳ ಸೊಗಸಾಗಿದೆ. ಫ್ರಾಂಕ್ಲಿನ್ ಕಪ್ಪುವರ್ಣದ ಹುಡುಗ. “ನೋಡಿ, ಬಿಳಿಯರ ಮಕ್ಕಳ ನಡುವೆ ಕಪ್ಪು ಹುಡುಗನೊಬ್ಬ ಹಬ್ಬದ ಊಟಕ್ಕೆ ಕೂತಿದ್ದಾನೆ, ಇದು ಪ್ರಾತಿನಿಧ್ಯ” ಎಂದು ನಾನು ಸಂತೋಷದಿಂದಲೇ ಹೇಳಿದೆ.

ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. “ಸರ್, ಅವನು ಅವರ ನಡುವೆ ಕೂತಿಲ್ಲ. ಮೇಜಿನ ಆ ಕಡೆ ಅವನೊಬ್ಬನೇ ಇದ್ದಾನೆ. ಕುರ್ಚಿಯೂ ಬೇರೆ ಥರದ್ದು” ಎಂದ.

ಮತ್ತೆ ನೋಡಿದೆ. ಅವನ ಮಾತು ನಿಜವಾಗಿದ್ದಿತು. ಮೇಜಿನ ಎದುರು ಬದಿಯಲ್ಲಿಯೂ ತುದಿಗಳಲ್ಲಿಯೂ ಉಳಿದವರೆಲ್ಲ ಒತ್ತೊತ್ತಾಗಿ ಕುಳಿತಿದ್ದಾರೆ. ಈಚೆಯ ಬದಿಯ ಉದ್ದಕ್ಕೂ ಫ್ರಾಂಕ್ಲಿನ್ ಒಬ್ಬನೇ. ಕುಳಿತಿರುವುದು ತೋಟದಲ್ಲಿ ಹಾಕಿಕೊಳ್ಳುವ ಮಡಿಸುವ ಕುರ್ಚಿಯ ಮೇಲೆ. ಆ ಚಿತ್ರವನ್ನು ನಾನು ಅದಕ್ಕೆ ಮೊದಲು ಹಲವು ಸಲ ನೋಡಿದ್ದೆ, ಪ್ರತಿಸಲವೂ ನಕ್ಕಿದ್ದೆ. ಆ ಕುರ್ಚಿ ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಮೆರಿಕದ ನೋಡುಗರಲ್ಲಿ ಅನೇಕರು ಬಹಳ ಹಿಂದೆಯೇ ಇದನ್ನು ಗುರುತಿಸಿ ಆಕ್ಷೇಪಿಸಿದ್ದರೆಂಬುದು ಆಮೇಲೆ ತಿಳಿಯಿತು. ಯಾರ ಎಲೆ ಎಂದೂ ಪಂಕ್ತಿಯ ಹೊರಗೆ ಬಿದ್ದಿಲ್ಲವೋ ಅಂಥವರ ಸಾಲಿಗೆ ಸೇರಿದವನು ನಾನು. ಆ ಹುಡುಗ ಯಾವ ಊರಿನಿಂದ, ಯಾವ ಕೇರಿಯಿಂದ ಬಂದವನೆಂದು ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅಂದಿನಿಂದ ಈ ಹಳೆಯ ಚಿತ್ರಗಳನ್ನು ಒಂದೊಂದಾಗಿ ಮತ್ತೆ ನೋಡುತ್ತ ಬಂದಿದ್ದೇನೆ. ಚಿತ್ರದಲ್ಲಿ ಇರುವುದು ಬೇರೆ, ಪಂಕ್ತಿಯಲ್ಲಿ ಇರುವುದು ಬೇರೆ ಎಂಬ ಆ ಹುಡುಗನ ಅಭಿಪ್ರಾಯವನ್ನು ನನಗೆ ತೋರಿದ ಮಟ್ಟಿಗೆ ವಿಸ್ತರಿಸಿ ಹೇಳುವುದಷ್ಟೇ ಈ ಲೇಖನದ ಉದ್ದೇಶ.

ಇವು ಮಕ್ಕಳ ಆಟದ ಚಿತ್ರಗಳು. ಇವುಗಳ ಬಗೆಗೆ ಇಷ್ಟು ಗಂಭೀರವಾದ ಚರ್ಚೆ ಏತಕ್ಕೆ ಎಂದು ಕೇಳುವವರಿದ್ದಾರೆ. ಟೆಲಿವಿಷನ್ನಿಗಾಗಿಯೇ ತಯಾರಾದ ಮೊದಲ ಕ್ರಿಸ್‌ಮಸ್ ಕಾರ್ಟೂನ್ ಎಂದು ಸಾಮಾನ್ಯವಾಗಿ ಎಣಿಸಲ್ಪಡುವ ‘ಮಿಸ್ಟರ್ ಮಗೂಸ್ ಕ್ರಿಸ್‌ಮಸ್ ಕ್ಯಾರಲ್’ ಬಂದುದು 1962ರ ಡಿಸೆಂಬರಿನಲ್ಲಿ. ಅಲ್ಲಿಂದ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಇಂಥ ಚಿತ್ರಗಳು ಸಾಲುಸಾಲಾಗಿ ಬಂದುವು. ಬೇಕೆಂದಾಗ ಚಿತ್ರವನ್ನು ಹಾಕಿಕೊಂಡು ನೋಡುವ ಸೌಕರ್ಯ ಆಗ ಮನೆಗಳಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ, ಗೊತ್ತಾದ ರಾತ್ರಿ, ಗೊತ್ತಾದ ಹೊತ್ತಿಗೆ ಮನೆಮಂದಿಯೆಲ್ಲ ಒಂದೆಡೆ ಕುಳಿತು ನೋಡಬೇಕಾಗಿದ್ದಿತು. ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕಾಗಿದ್ದಿತು. ಊರ ತೇರು ವರ್ಷಕ್ಕೊಮ್ಮೆ ಬರುವಂತೆ ಇವು ಬರುತ್ತಿದ್ದುವು. ಹೀಗೆ ಹತ್ತು, ಇಪ್ಪತ್ತು, ಐವತ್ತು ವರ್ಷ ಮರಳಿ ಮರಳಿ ಬಂದ ಚಿತ್ರ ಕೇವಲ ವಿನೋದವಾಗಿ ಉಳಿಯುವುದಿಲ್ಲ. ಹಬ್ಬದ ಆಚರಣೆಯ ಒಂದು ಅಂಗವೇ ಆಗುತ್ತದೆ. ಹಬ್ಬವೆಂದರೆ ಏನು, ಅದು ಯಾರದು ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಮೂಡುವುದು ಇಂಥವುಗಳಿಂದಲೇ. ಆದುದರಿಂದ ಈ ವಿಚಾರ ಕ್ಷುಲ್ಲಕವಲ್ಲ.

ಮೊದಲು ಟೆಲಿವಿಷನ್ನಿಗಿಂತ ಹಿಂದಿನ ಕಾಲವನ್ನು ನೋಡೋಣ. 1932ರ ಡಿಸೆಂಬರಿನಲ್ಲಿ ವಾಲ್ಟ್ ಡಿಸ್ನಿಯ ಸಂಸ್ಥೆ ‘ಸ್ಯಾಂಟಾಸ್ ವರ್ಕ್‌ಷಾಪ್’ ಎಂಬ ಕಿರುಚಿತ್ರವನ್ನು ಹೊರತಂದಿತು. ಸಾಂತಾಕ್ಲಾಸನ ಕಾರ್ಖಾನೆಯಲ್ಲಿ ಗೊಂಬೆಗಳು ಒಂದೊಂದಾಗಿ ಬಂದು ಅವನಿಂದ ಒಪ್ಪಿಗೆಯ ಮುದ್ರೆ ಹಾಕಿಸಿಕೊಳ್ಳುವ ದೃಶ್ಯ ಅದರಲ್ಲಿದೆ. ಹೊಂಬಣ್ಣದ ಕೂದಲಿನ ಗೊಂಬೆಯನ್ನು ಸಾಂತಾಕ್ಲಾಸ್ ಪರೀಕ್ಷಿಸಿ ಮುದ್ರೆ ಹಾಕುತ್ತಾನೆ. ಅದರ ಹಿಂದೆ ಬರುವ ಕಪ್ಪು ಗೊಂಬೆಯಾದರೋ ಕಪ್ಪು ಜನರನ್ನು ಹಂಗಿಸುವ ನಾಟಕಗಳ ದನಿಯಲ್ಲಿ ಕೂಗಿ, ತನಗೆ ತಾನೇ ಹಿಂಭಾಗಕ್ಕೆ ಮುದ್ರೆ ಒತ್ತಿಕೊಂಡುಬಿಡುತ್ತದೆ. ಅದನ್ನು ನೋಡಿ ಸಾಂತಾಕ್ಲಾಸ್ ನಗುತ್ತಾನೆ. ಆ ಕಾಲದ ಚಿತ್ರಗಳಲ್ಲಿ ಕಪ್ಪು ಮುಖ ಬರುತ್ತಿದ್ದುದು ಹೀಗೆ, ನಗೆಪಾಟಲಿನ ವಸ್ತುವಾಗಿ. ಮುಂದಿನ ಕಾಲದಲ್ಲಿ ಈ ಭಾಗವನ್ನು ಕತ್ತರಿಸಿ ತೋರಿಸುವುದು ರೂಢಿಯಾಯಿತು. ಪ್ರಾತಿನಿಧ್ಯ ಬೇಕು, ಬೇಕು ಎಂದು ಕೂಗುವವರು ಮೊದಲು ಈ ಗೊಂಬೆಯನ್ನು ನೆನೆಯಬೇಕು. ಚಿತ್ರದಲ್ಲಿ ಜಾಗ ಸಿಕ್ಕಮಾತ್ರಕ್ಕೆ ಮರ್ಯಾದೆ ಸಿಕ್ಕಂತಾಗುವುದಿಲ್ಲ.

1960ರ ದಶಕದ ಹೊತ್ತಿಗೆ ಇಂಥ ಹಾಸ್ಯ ಸಭ್ಯರ ಮನೆಗಳಲ್ಲಿ ಸಲ್ಲದಂತಾಯಿತು. ಪೂರ್ಣವಾಗಿ ಹೋಯಿತೆಂದು ಹೇಳಲಾರೆ. ಮಗೂ ಎಂಬ ಮೇಲೆ ಹೇಳಿದ ಮುದುಕನದೇ ಟೆಲಿವಿಷನ್ ಮಾಲೆಯಲ್ಲಿ ಚೀನೀ ಸೇವಕನೊಬ್ಬನ ಉಚ್ಚಾರಣೆಯನ್ನು ನಗೆಗೆ ಬಳಸಿಕೊಂಡಿದ್ದರು. ಆದರೂ ಹಬ್ಬದ ಚಿತ್ರಗಳ ಮಟ್ಟಿಗೆ ಕೀಟಲೆಯ ಸ್ಥಾನದಲ್ಲಿ ಮೌನ ಬಂದು ಕುಳಿತಿತು. ಹಂಗಿಸುವುದು ಬೇಡವೆಂದು ನಿರ್ಧರಿಸಿದವರು ಕರೆಯುವುದನ್ನೇ ಬಿಟ್ಟರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಆ ಚಿತ್ರಗಳ ವಸ್ತುವೆಲ್ಲ ಹೊರಗಿಟ್ಟವನನ್ನು ಒಳಗೆ ಕರೆದುಕೊಳ್ಳುವುದೇ ಆಗಿದೆ. 1964ರ ಡಿಸೆಂಬರ್ 6ರಂದು ಪ್ರಸಾರವಾದ ‘ರುಡಾಲ್ಫ್ ದಿ ರೆಡ್-ನೋಸ್ಡ್ ರೇನ್‌ಡಿಯರ್’ ಚಿತ್ರವನ್ನೇ ತೆಗೆದುಕೊಳ್ಳಿ. ಹಿಮಸಾರಂಗದ ಮರಿಯೊಂದು ಹೊಳೆಯುವ ಕೆಂಪು ಮೂಗಿನೊಡನೆ ಹುಟ್ಟುತ್ತದೆ. ತಂದೆಗೆ ನಾಚಿಕೆ, ಮೂಗಿಗೆ ಕೆಸರು ಮೆತ್ತಿ ಮರೆಮಾಡುತ್ತಾನೆ. ಜೊತೆಯ ಮರಿಗಳು ನಗುತ್ತವೆ. ಆಟ ಕಲಿಸುವ ಗುರುವೇ ಅದರೊಡನೆ ಯಾರೂ ಆಡಕೂಡದೆಂದು ವಿಧಿಸುತ್ತಾನೆ. ಮರಿ ಮನೆ ಬಿಟ್ಟು ಹೋಗುತ್ತದೆ. ದಾರಿಯಲ್ಲಿ, ಎಲ್ಲಿಯೂ ಹೊಂದದ ಗೊಂಬೆಗಳನ್ನು ಬಿಟ್ಟಿರುವ ಒಂದು ದ್ವೀಪ ಸಿಕ್ಕುತ್ತದೆ. ಇದಕ್ಕಿಂತ ಸ್ಪಷ್ಟವಾದ ಬಹಿಷ್ಕಾರದ ಕಥೆ ಇನ್ನಾವುದು? ಅದು ಪ್ರಸಾರವಾದ ನಾಲ್ಕೇ ದಿನಗಳಿಗೆ, ಡಿಸೆಂಬರ್ 10ರಂದು, ಮಾರ್ಟಿನ್ ಲೂಥರ್ ಕಿಂಗ್ ಓಸ್ಲೋ ನಗರದಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಸ್ವೀಕರಿಸಿದರು. ಅದೇ ವರ್ಷದ ಜುಲೈ ತಿಂಗಳಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಬಿದ್ದಿದ್ದಿತು. ಹೋಟೆಲುಗಳಲ್ಲಿ ಕಪ್ಪು ಜನ ಬಿಳಿಯರ ಪಕ್ಕದಲ್ಲಿ ಕುಳಿತು ಉಣ್ಣುವ ಹಕ್ಕು ಕಾಯಿದೆಯಾಗಿ ಬಂದುದು ಆಗ. ಆದರೆ ಹಬ್ಬದ ತೆರೆಯ ಮೇಲೆ ಕೆಂಪು ಮೂಗಿನ ಜಿಂಕೆಗೆ ಸಿಕ್ಕ ಎಡೆ ಕಪ್ಪು ಮೈಯ ಮಗುವಿಗೆ ಸಿಕ್ಕಲಿಲ್ಲ.

ಇನ್ನೂ ವಿಚಿತ್ರವೆಂದರೆ, ತೆರೆಯ ಮೇಲೆ ಕಾಣದ ವೈವಿಧ್ಯ ತೆರೆಯ ಹಿಂದೆ ತುಂಬಿದ್ದಿತು. ರುಡಾಲ್ಫನ ಕಥೆಯನ್ನು 1939ರಲ್ಲಿ ಷಿಕಾಗೋದ ಒಂದು ವ್ಯಾಪಾರ ಸಂಸ್ಥೆಗಾಗಿ ಬರೆದ ರಾಬರ್ಟ್ ಮೇ ಯೆಹೂದಿ. ಅದನ್ನು ಹಾಡು ಮಾಡಿದ ಜಾನಿ ಮಾರ್ಕ್ಸ್, ಮೇಯ ಸೋದರಿಯ ಪತಿ, ಆತನೂ ಯೆಹೂದಿ. ಕ್ರಿಸ್‌ಮಸ್ ತಮ್ಮ ಮನೆಯ ಹಬ್ಬವಲ್ಲದವರು ಆ ಹಬ್ಬಕ್ಕೆ ಅದರ ಅತ್ಯಂತ ಜನಪ್ರಿಯವಾದ ಪುರಾಣವೊಂದನ್ನು ಕೊಟ್ಟರು. 1964ರ ಚಿತ್ರದ ಗೊಂಬೆಗಳಿಗೆ ಜಪಾನಿನಲ್ಲಿ ತದಹಿತೊ ಮೊಚಿನಾಗ ಎಂಬ ಕಲಾವಿದರ ಮೇಲ್ವಿಚಾರಣೆಯಲ್ಲಿ ಒಂದೊಂದೇ ಚೌಕಟ್ಟಾಗಿ ಚಲನೆ ಕೊಟ್ಟರು. 1965ರ ಡಿಸೆಂಬರ್ 9ರಂದು ಬಂದ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ಚಿತ್ರವನ್ನು ನಿರ್ದೇಶಿಸಿದ ಬಿಲ್ ಮೆಲೆಂಡೆಜ್ ಮೆಕ್ಸಿಕೋದಲ್ಲಿ ಹುಟ್ಟಿದವರು. ಅವರ ಮೂಲ ಹೆಸರು ಹೋಸೆ ಕ್ವಾಟೆಮೊಕ್. 1966ರಲ್ಲಿ ಚಕ್ ಜೋನ್ಸ್ ನಿರ್ದೇಶಿಸಿದ ‘ಹೌ ದಿ ಗ್ರಿಂಚ್ ಸ್ಟೋಲ್ ಕ್ರಿಸ್‌ಮಸ್’ ಚಿತ್ರದ ಕಥೆಯನ್ನು ತಮ್ಮ ಗಂಭೀರ ಕಂಠದಿಂದ ಹೇಳಿದ ಬೋರಿಸ್ ಕಾರ್ಲಾಫ್ ಇಂಗ್ಲೆಂಡಿನಲ್ಲಿ ಹುಟ್ಟಿದವರಾದರೂ ಅವರ ವಂಶದಲ್ಲಿ ಭಾರತೀಯರ ರಕ್ತವಿದ್ದಿತು. ತೆರೆಯ ಮೇಲೆ ಹೆಸರು ಮಾಡುವುದಕ್ಕೆ ಅವರು ವಿಲಿಯಂ ಹೆನ್ರಿ ಪ್ರಾಟ್ ಎಂಬ ಸ್ವಂತ ಹೆಸರನ್ನು ಬಿಟ್ಟು ಬೇರೆ ಹೆಸರನ್ನು ಧರಿಸಿದ್ದರು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದುದು ಚಾರ್ಲಿ ಬ್ರೌನನ ಕ್ರಿಸ್‌ಮಸ್ಸಿನ ಸಂಗೀತ. ವಿನ್ಸ್ ಗ್ವಾರಾಲ್ಡಿ ಅದಕ್ಕೆ ಜಾಸ್ ಶೈಲಿಯಲ್ಲಿ ಪಿಯಾನೋ ನುಡಿಸಿದ್ದಾರೆ. ಇಂದು ಆ ದೇಶದಲ್ಲಿ ಡಿಸೆಂಬರ್ ಬಂತೆಂದರೆ ಅಂಗಡಿ ಅಂಗಡಿಗಳಲ್ಲಿ ಅದರ ದನಿ ಕೇಳುತ್ತದೆ. ಜಾಸ್ ಹುಟ್ಟಿದುದು ನ್ಯೂ ಆರ್ಲಿಯನ್ಸಿನ ಕಪ್ಪು ಜನರ ಕೇರಿಗಳಲ್ಲಿ. ಆ ಜನರ ನಾದಕ್ಕೆ ಹೆಜ್ಜೆ ಹಾಕಿ ಮಕ್ಕಳೆಲ್ಲ ಕುಣಿಯುತ್ತಾರೆ. ಕುಣಿಯುವವರಲ್ಲಿ ಆ ಜನರ ಒಂದು ಮಗುವೂ ಇಲ್ಲ. ವಾಲಗದವರ ವಾದ್ಯ ಒಳಗೆ ಕೇಳಬೇಕು, ವಾಲಗದವರು ಮಾತ್ರ ಹೊರ ಜಗಲಿಯಲ್ಲಿಯೇ ಇರಬೇಕು ಎಂಬ ನಮ್ಮ ಹಳೆಯ ವ್ಯವಸ್ಥೆ ನನಗೆ ನೆನಪಾಯಿತು.

ಇದಕ್ಕೆ ಪ್ರತಿಯಾಗಿ ವಿದ್ವಾಂಸರು ಒಂದು ಮಾತು ಹೇಳಬಹುದು. ಕಥೆ ಅನ್ಯೋಕ್ತಿಯಾಗಿರುವುದೇ ಅದರ ಶಕ್ತಿ. ಕೆಂಪು ಮೂಗು ಎಂದರೆ ಕೇವಲ ಮೂಗಲ್ಲ, ಯಾವ ಮಗುವಾದರೂ ಅದರಲ್ಲಿ ತನ್ನನ್ನು ಕಾಣಬಹುದು. ಇಂಥಿಂಥ ಬಣ್ಣದ ಇಷ್ಟಿಷ್ಟು ಮಕ್ಕಳು ಇರಬೇಕೆಂದು ಲೆಕ್ಕ ಹಾಕುತ್ತ ಕುಳಿತರೆ ಕಲೆ ಕೆಡುತ್ತದೆ, ಎಂದು. ಅಲಂಕಾರಶಾಸ್ತ್ರವನ್ನು ಓದಿದ ನಾನು ಈ ವಾದದ ಬಲವನ್ನು ಬಲ್ಲೆ. ಆ ಚಿತ್ರಗಳನ್ನು ನೋಡಿ ಕಣ್ಣೊರೆಸಿಕೊಂಡ ಕಪ್ಪು ಮಕ್ಕಳೂ ಎಷ್ಟೋ ಮಂದಿ ಇದ್ದಿರಬೇಕು. ಆದರೆ ಎರಡು ಆಕ್ಷೇಪಗಳನ್ನು ಹೇಳಲೇಬೇಕಾಗಿದೆ. ಮೊದಲನೆಯದಾಗಿ, ಬಿಳಿಯರ ಮಗು ಆ ಚಿತ್ರಗಳಲ್ಲಿ ಅನ್ಯೋಕ್ತಿಯಾಗಿಯೂ ತನ್ನನ್ನು ಕಾಣಬಹುದು, ವಾಚ್ಯವಾಗಿಯೂ ಕಾಣಬಹುದು. ಇನ್ನೊಂದು ಮಗುವಿಗೆ ಅನ್ಯೋಕ್ತಿಯೊಂದೇ ಗತಿ. ತನ್ನನ್ನು ಕಾಣಬೇಕಾದರೆ ಅದು ಜಿಂಕೆಯಾಗಬೇಕು, ಮುರಿದ ಗೊಂಬೆಯಾಗಬೇಕು. ಎರಡನೆಯದಾಗಿ, ರುಡಾಲ್ಫನನ್ನು ಒಳಗೆ ಕರೆದುಕೊಂಡುದು ಎಂದು? ದಟ್ಟವಾದ ಮಂಜು ಕವಿದು, ಬಂಡಿ ಸಾಗದೆ, ಅವನ ಮೂಗಿನ ಬೆಳಕಿನಿಂದ ಉಪಯೋಗವಾಗುವುದೆಂದು ತಿಳಿದಮೇಲೆ. ಆ ರಾತ್ರಿ ಆಕಾಶ ನಿರ್ಮಲವಾಗಿದ್ದಿದ್ದರೆ ಏನಾಗುತ್ತಿದ್ದಿತು? ಉಪಕಾರಕ್ಕೆ ಬಂದವನಿಗೆ ಮಾತ್ರ ಎಲೆ ಹಾಕುವುದು ಔದಾರ್ಯವಲ್ಲ, ವ್ಯವಹಾರ. ಅದೇ ಚಿತ್ರದಲ್ಲಿ ಕಳೆದುಹೋದ ಮಗನನ್ನು ಹುಡುಕಲು ತಾನೂ ಬರುವೆನೆಂದ ತಾಯಿಯನ್ನು, ಅದು ಗಂಡಸರ ಕೆಲಸವೆಂದು ಹೇಳಿ ತಂದೆ ಮನೆಯಲ್ಲಿಯೇ ಬಿಟ್ಟುಹೋಗುತ್ತಾನೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಆದರೂ ಆ ಚಿತ್ರದ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ಸಂಗತಿ ಇದೆ. 1964ರ ಮೊದಲ ಪ್ರಸಾರದಲ್ಲಿ ಆ ದ್ವೀಪದ ಗೊಂಬೆಗಳಿಗೆ ಮನೆ ಹುಡುಕಿಕೊಡುವ ಮಾತು ಬರುತ್ತದೆ, ಕೊಟ್ಟುದನ್ನು ತೋರಿಸಿರಲಿಲ್ಲ. ನೋಡಿದವರು ಸುಮ್ಮನಿರಲಿಲ್ಲ. ಗೊಂಬೆಗಳ ಗತಿಯೇನಾಯಿತು, ಕೊಟ್ಟ ಮಾತನ್ನು ನಡೆಸಲಿಲ್ಲವೇಕೆ ಎಂದು ಆಕ್ಷೇಪಿಸಿದರು. ಮರುವರ್ಷ ಸಾಂತಾಕ್ಲಾಸ್ ಆ ದ್ವೀಪಕ್ಕೆ ಹೋಗಿ ಗೊಂಬೆಗಳನ್ನು ಕರೆದೊಯ್ಯುವ ದೃಶ್ಯವನ್ನು ಹೊಸದಾಗಿ ತಯಾರಿಸಿ ಸೇರಿಸಿದರು. ಎಂದರೆ, ಹೊರಗುಳಿದವರನ್ನು ಮರೆತುದು ಚಿತ್ರವನ್ನು ಮಾಡಿದವರು, ನೆನಪಿಟ್ಟುಕೊಂಡುದು ನೋಡಿದವರು. ಫ್ರಾಂಕ್ಲಿನ್ ಎಂಬ ಹುಡುಗ ಹುಟ್ಟಿದುದೂ ಹೀಗೆಯೇ.

1968ರ ಏಪ್ರಿಲ್ 4ರಂದು ಕಿಂಗ್ ಅವರ ಕೊಲೆಯಾಯಿತು. ಹನ್ನೊಂದು ದಿನಗಳ ಮೇಲೆ ಹ್ಯಾರಿಯೆಟ್ ಗ್ಲಿಕ್‌ಮನ್ ಎಂಬ ಮಹಿಳೆ ಲಾಸ್ ಏಂಜಲೀಸಿನಿಂದ ಶುಲ್ಜ್ ಅವರಿಗೆ ಒಂದು ಪತ್ರ ಬರೆದರು. ಆಕೆ ಶಾಲೆಯಲ್ಲಿ ಪಾಠ ಹೇಳಿದ್ದವರು. ಮೂವರು ಮಕ್ಕಳ ತಾಯಿ. ದೇಶದ ದ್ವೇಷವನ್ನು ಕಡಿಮೆ ಮಾಡುವುದಕ್ಕೆ ತನ್ನಿಂದೇನಾದೀತು ಎಂದು ಯೋಚಿಸಿ, ಲಕ್ಷಾಂತರ ಜನ ದಿನವೂ ನೋಡುವ ಆ ವ್ಯಂಗ್ಯಚಿತ್ರದಲ್ಲಿ ಕಪ್ಪು ಮಕ್ಕಳೂ ಇರಲಿ ಎಂದು ಕೇಳಿದರು. ಶುಲ್ಜ್ ಉತ್ತರ ಬರೆದರು. ತಮಗೂ ಇಷ್ಟವೇ, ಆದರೆ ಕಪ್ಪು ಜನರಿಗೆ ತಾವು ಮೇಲೆ ನಿಂತು ಕೃಪೆ ತೋರಿದಂತೆ ಕಂಡೀತೆಂಬ ಅಳುಕು ಎಂದರು. ಗ್ಲಿಕ್‌ಮನ್ ಬಿಡಲಿಲ್ಲ. ತಮ್ಮ ಪರಿಚಯದ ಕಪ್ಪುವರ್ಣದ ತಂದೆತಾಯಿಗಳ ಅಭಿಪ್ರಾಯವನ್ನು ಕೇಳಿಸಿದರು. ಅವರಲ್ಲಿ ಕೆನೆತ್ ಕೆಲಿ ಎಂಬವರು, ಆ ಅಪವಾದ ಬಂದರೆ ಬರಲಿ, ದೊರಕುವ ಫಲದ ಮುಂದೆ ಅದು ಅಲ್ಪ ಎಂಬ ಅಭಿಪ್ರಾಯ ಕೊಟ್ಟರು. ಮೊದಲು ಗುಂಪಿನ ನಡುವೆ ಒಬ್ಬನನ್ನು ಸಹಜವಾಗಿ ಸೇರಿಸಿದರೂ ಸಾಕು ಎಂಬುದು ಅವರ ಸೂಚನೆ. ಅದೇ ವರ್ಷದ ಜುಲೈ 31ರಂದು ಕಡಲ ತೀರದಲ್ಲಿ ಚಾರ್ಲಿ ಬ್ರೌನನ ಚೆಂಡನ್ನು ಹಿಂದಕ್ಕೆ ತಂದುಕೊಟ್ಟು ಫ್ರಾಂಕ್ಲಿನ್ ಪ್ರವೇಶಿಸಿದ. ಅವನ ತಂದೆ ವಿಯೆಟ್ನಾಮಿನ ಯುದ್ಧಕ್ಕೆ ಹೋಗಿದ್ದಾನೆ. ಹುಡುಗರಿಬ್ಬರೂ ಸೇರಿ ಮರಳಿನ ಕೋಟೆ ಕಟ್ಟುತ್ತಾರೆ. ಕಪ್ಪು ಹುಡುಗನನ್ನು ಬಿಳಿಯರ ಮಕ್ಕಳೊಡನೆ ಒಂದೇ ಶಾಲೆಯಲ್ಲಿ ತೋರಿಸಕೂಡದೆಂದು ದಕ್ಷಿಣದ ಒಬ್ಬ ಸಂಪಾದಕ ಬರೆದನೆಂದೂ, ತಾವು ಅದಕ್ಕೆ ಉತ್ತರವನ್ನೇ ಕೊಡಲಿಲ್ಲವೆಂದೂ ಶುಲ್ಜ್ ಮುಂದೆ ಹೇಳಿದ್ದುಂಟು. ಇಂಥ ಮನುಷ್ಯನನ್ನು ವರ್ಣದ್ವೇಷಿಯೆಂದು ಕರೆಯುವುದು ಅನ್ಯಾಯ.

ಹಾಗಾದರೆ ಆ ಕುರ್ಚಿಯ ಮಾತೇನು? ಕಡ್ಡಿಯನ್ನು ಗುಡ್ಡ ಮಾಡುತ್ತಿದ್ದೇನೆಯೆ? ನೋಡುವವರಿಗೆ ಎಲ್ಲರ ಮುಖವೂ ಕಾಣಬೇಕಾದರೆ ಹೆಚ್ಚು ಜನರನ್ನು ಒಂದು ಬದಿಗೆ ಕೂರಿಸಬೇಕು; ಇದು ಚಿತ್ರಕಾರನ ಕಷ್ಟ ಎಂದು ಸಮಾಧಾನ ಹೇಳುವವರಿದ್ದಾರೆ. ಒಪ್ಪೋಣ. ಈಚೆಯ ಬದಿಯಲ್ಲಿ ಯಾರಾದರೊಬ್ಬರು ಕೂರಲೇಬೇಕಾಗಿತ್ತು ಎಂದೇ ಇಟ್ಟುಕೊಳ್ಳೋಣ. ಆ ಒಬ್ಬರು ಯಾರಾಗಬೇಕೆಂಬ ಪ್ರಶ್ನೆ ಬಂದಾಗ ಕೈ ತಾನಾಗಿ ಎತ್ತ ಹೋಯಿತು? ದ್ವೇಷ ಇರಲಿಲ್ಲ ಎಂಬುದು ನಿಜ. ದ್ವೇಷ ಇದ್ದಿದ್ದರೆ ಈ ಪ್ರಶ್ನೆ ಇಷ್ಟು ಕಷ್ಟದ್ದಾಗುತ್ತಿರಲಿಲ್ಲ; ದ್ವೇಷವನ್ನು ತೋರಿಸಿಕೊಡುವುದು ಸುಲಭ, ಅಭ್ಯಾಸವನ್ನು ತೋರಿಸಿಕೊಡುವುದು ಕಷ್ಟ. ಸಂಪಾದಕನ ಮುಂದೆ ಬಗ್ಗದ ಮನುಷ್ಯನ ಚಿತ್ರದಲ್ಲಿಯೂ, ಮೆಕ್ಸಿಕೋದಿಂದ ಬಂದವರೊಬ್ಬರು ನಿರ್ದೇಶಕರಲ್ಲಿ ಒಬ್ಬರಾಗಿದ್ದ ಚಿತ್ರದಲ್ಲಿಯೂ, ಹೊಸದಾಗಿ ಬಂದವನಿಗೆ ದೊರಕಿದುದು ಮಡಿಸುವ ಕುರ್ಚಿಯೇ. ನೋಡಿದ ನನ್ನಂಥವರಿಗೂ ಅದು ಸಹಜವಾಗಿಯೇ ಕಂಡಿತು. ನನ್ನ ಆತಂಕವಿರುವುದು ಇಲ್ಲಿ.

ಅದೇ ಊಟದ ಮೇಜಿನಲ್ಲಿ ಇನ್ನೂ ಒಬ್ಬ ಅತಿಥಿಯ ಸ್ಥಾನ ಖಾಲಿ ಇದೆ. ಊಟಕ್ಕೆ ಮೊದಲು ಲೈನಸ್ ಎಂಬ ಹುಡುಗ ಪ್ರಾರ್ಥನೆ ಮಾಡುತ್ತ, 1621ರಲ್ಲಿ ವಲಸೆ ಬಂದ ಇಂಗ್ಲಿಷರು ನಡೆಸಿದ ಮೊದಲ ಔತಣಕ್ಕೆ ಮೂಲನಿವಾಸಿಗಳ ನಾಯಕ ಮ್ಯಾಸಸಾಯಿಟ್ ತೊಂಬತ್ತು ಮಂದಿಯೊಡನೆ ಬಂದುದನ್ನು ಸ್ಮರಿಸುತ್ತಾನೆ. ಹೆಸರು ಪ್ರಾರ್ಥನೆಯಲ್ಲಿದೆ; ಆ ಜನರ ಒಂದು ಮಗುವೂ ಮೇಜಿನ ಬಳಿ ಇಲ್ಲ. ಈ ಚಿತ್ರ ಬರುವುದಕ್ಕೆ ಮೂರು ವರ್ಷ ಮೊದಲೇ, 1970ರಲ್ಲಿ, ಆ ಔತಣ ನಡೆದ ಪ್ಲಿಮತ್ ಊರಿನಲ್ಲಿಯೇ ಮೂಲನಿವಾಸಿಗಳು ಸೇರಿ, ತಮಗೆ ಇದು ಹಬ್ಬದ ದಿನವಲ್ಲ, ಶೋಕದ ದಿನ ಎಂದು ಸಾರಿದ್ದರು. ಅತಿಥಿಯ ಕಥೆಯನ್ನು ಆತಿಥೇಯನೇ ಹೇಳಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಅತಿಥಿ, ಆತಿಥೇಯ ಎಂಬ ಈ ಭೇದವೇ ಮುಖ್ಯವೆಂದು ನನಗೆ ತೋರುತ್ತದೆ. ಫ್ರಾಂಕ್ಲಿನ್ ಆ ಹಬ್ಬಕ್ಕೆ ಬೇರೆಯವಳ ಕರೆಯ ಮೇಲೆ ಬಂದವನು. ಅವನ ಮನೆ ನಮಗೆ ಕಾಣುವುದಿಲ್ಲ. ಅವನ ಮನೆಯಲ್ಲಿ ಆ ಹಬ್ಬಕ್ಕೆ ಏನು ಅಡಿಗೆ ಮಾಡುತ್ತಾರೆ ಎಂಬುದು ಗೊತ್ತಿಲ್ಲ. 1977ರಲ್ಲಿ ಬಂದ ‘ಫ್ಯಾಟ್ ಆಲ್ಬರ್ಟ್’ ಮಾಲೆಯ ಕ್ರಿಸ್‌ಮಸ್ ಚಿತ್ರದಲ್ಲಿ ಕಪ್ಪು ಮಕ್ಕಳು ಯಾರ ಮನೆಗೂ ಅತಿಥಿಗಳಾಗಿ ಹೋಗಲಿಲ್ಲ. ತಮ್ಮ ಕೇರಿಯಲ್ಲಿ, ತಮ್ಮ ಗುಡಿಸಲಿನಲ್ಲಿ, ನೆಲೆಯಿಲ್ಲದ ಒಂದು ಸಂಸಾರಕ್ಕೆ ತಾವೇ ಆತಿಥೇಯರಾದರು. ಅದರ ಕರ್ತೃ ಬಿಲ್ ಕಾಸ್ಬಿಯ ಮೇಲೆ ಮುಂದೆ ಅನೇ‌ಕ ಮಹಿಳೆಯರು ಮಾಡಿದ ಘೋರವಾದ ಆರೋಪಗಳಿಂದಾಗಿ ಇಂದು ಅದನ್ನು ನೋಡುವುದು ಸುಲಭವಲ್ಲ. ಆದರೂ ಪಾತ್ರಗಳ ಸ್ಥಾನ ಬದಲಾದುದು ಸುಳ್ಳಲ್ಲ. 1995ರಲ್ಲಿ ‘ರಗ್‌ರ‍್ಯಾಟ್ಸ್’ ಎಂಬ ಮಾಲೆಯಲ್ಲಿ ಯೆಹೂದ್ಯರ ಪಾಸೋವರ್ ಹಬ್ಬ ಅವರ ಮನೆಯೊಳಗಿನಿಂದಲೇ ಕಾಣಿಸಿತು. ಪರರ ಹಬ್ಬಕ್ಕೆ ಪುರಾಣ ಕಟ್ಟಿಕೊಟ್ಟವರ ಜನ ತಮ್ಮ ಹಬ್ಬವನ್ನು ಕಾರ್ಟೂನಿನಲ್ಲಿ ಹೀಗೆ ಕಾಣುವುದಕ್ಕೆ ರುಡಾಲ್ಫನ ಕಥೆ ಹುಟ್ಟಿ ಐವತ್ತಾರು ವರ್ಷ ಕಳೆಯಬೇಕಾಯಿತು.

ಇನ್ನು ಹಳೆಯ ಚಿತ್ರಗಳನ್ನು ಏನು ಮಾಡಬೇಕು? ತೆಗೆದುಹಾಕಿ ಎಂಬ ಕೂಗು ಒಂದು ಕಡೆ, ಮುಟ್ಟಬೇಡಿ ಎಂಬ ಕೂಗು ಇನ್ನೊಂದು ಕಡೆ. ಮುದ್ರೆ ಒತ್ತಿಕೊಳ್ಳುವ ಆ ಗೊಂಬೆಯನ್ನು ಐದು ವರ್ಷದ ಮಗುವಿಗೆ ಮಾತಿಲ್ಲದೆ ತೋರಿಸುವುದು ಕ್ರೌರ್ಯ. ಅದನ್ನು ಇಪ್ಪತ್ತು ವರ್ಷದ ವಿದ್ಯಾರ್ಥಿಯಿಂದ ಬಚ್ಚಿಡುವುದು ಚರಿತ್ರೆಗೆ ಮಾಡುವ ಮೋಸ. ಆದರೆ 1973ರ ಮೇಜಿನಂಥ ದೃಶ್ಯಕ್ಕೆ ಕತ್ತರಿ ಏತಕ್ಕೆ? ಫ್ರಾಂಕ್ಲಿನ್ ಇರುವ ದೃಶ್ಯವನ್ನು ಕತ್ತರಿಸಿದರೆ ಮೊದಲು ಹೋಗುವವನು ಫ್ರಾಂಕ್ಲಿನ್ನೇ. ಹಳೆಯದರ ಪಕ್ಕದಲ್ಲಿ ಹೊಸದನ್ನು ಇಡುವುದು ಮೇಲು. 2024ರ ಫೆಬ್ರವರಿಯಲ್ಲಿ ಬಂದ ‘ವೆಲ್‌ಕಮ್ ಹೋಮ್, ಫ್ರಾಂಕ್ಲಿನ್’ ಎಂಬ ಚಿತ್ರದಲ್ಲಿ ನಡೆದುದು ಇದೇ. ಅದರ ಕಥೆ ಬರೆದವರಲ್ಲಿ ಒಬ್ಬರು ರಾಬ್ ಆರ್ಮ್‌ಸ್ಟ್ರಾಂಗ್, ಸ್ವತಃ ಕಪ್ಪುವರ್ಣದ ವ್ಯಂಗ್ಯಚಿತ್ರಕಾರರು. ಶುಲ್ಜ್ ಬದುಕಿದ್ದಾಗಲೇ ಫ್ರಾಂಕ್ಲಿನ್ನನಿಗೆ ಇವರ ಮನೆತನದ ಹೆಸರನ್ನು ಕೇಳಿ ಇಟ್ಟಿದ್ದರು. ಇದರಲ್ಲಿ ಕಥೆ ಫ್ರಾಂಕ್ಲಿನ್ನನ ಕಣ್ಣಿನಿಂದ ನಡೆಯುತ್ತದೆ. ಕೊನೆಗೆ ಒಂದು ಊಟದ ಮೇಜಿನಲ್ಲಿ ಹಳೆಯ ದೃಶ್ಯವೇ ಮರಳಿ ಬಂದು, ಒಂದು ಬದಿಯಲ್ಲಿ ಒಬ್ಬನೇ ಕುಳಿತವನನ್ನು ಲೈನಸ್ ತಮ್ಮ ಕಡೆಗೆ ಕರೆಯುತ್ತಾನೆ. ಅವನಿಗಾಗಿ ಒಂದು ಜಾಗವನ್ನು ಇಟ್ಟುಕೊಂಡಿರುತ್ತಾರೆ. ಮೊದಲ ಮೇಜಿಗೂ ಈ ಮೇಜಿಗೂ ನಡುವೆ ಐವತ್ತು ವರ್ಷ. ಶುಲ್ಜ್ 2000ದಲ್ಲಿಯೇ ತೀರಿಕೊಂಡಿದ್ದರು, ಗ್ಲಿಕ್‌ಮನ್ 2020ರಲ್ಲಿ.

ಇದೆಲ್ಲ ಬಹಳ ತಡವಾಯಿತು ಎಂದು ಹೇಳಬಹುದು. ನಿಜ. ಆದರೆ ಒಂದು ಮಾತನ್ನು ನನ್ನ ವೃತ್ತಿಬಾಂಧವರು ಮರೆಯಬಾರದು. ಗೊಂಬೆಗಳಿಗೆ ಮನೆ ಸಿಕ್ಕಿದುದು ನೋಡುಗರ ಆಕ್ಷೇಪದಿಂದ. ಫ್ರಾಂಕ್ಲಿನ್ ಹುಟ್ಟಿದುದು ಪಾಠ ಹೇಳುತ್ತಿದ್ದವರೊಬ್ಬರ ಪತ್ರದಿಂದ. ಅವನ ಕುರ್ಚಿ ಸ್ಥಳ ಬದಲಿಸಿದುದು ಅದನ್ನು ಕಂಡು ಸುಮ್ಮನಿರದವರ ಮಾತಿನಿಂದ. ಮೂರು ಸಲವೂ ತಪ್ಪನ್ನು ಮೊದಲು ಕಂಡುದು ಚಿತ್ರಶಾಲೆಯ ಹೊರಗಿನ ಕಣ್ಣು. ನಮ್ಮ ತರಗತಿಗಳಲ್ಲಿ ಅಂಥ ಕಣ್ಣುಗಳಿವೆ. ಸಾಮಾನ್ಯವಾಗಿ ಕೊನೆಯ ಬೆಂಚಿನಲ್ಲಿರುತ್ತವೆ. ನಾವು ಪಾಠ ಮುಗಿಸುವ ಆತುರದಲ್ಲಿ, ಅರ್ಥವನ್ನು ಮೊದಲೇ ಹೇಳಿಬಿಟ್ಟು, ಅವುಗಳಿಗೆ ನೋಡುವ ಅವಕಾಶವನ್ನೇ ಕೊಡುವುದಿಲ್ಲ.

ಈಗಲೂ ಪ್ರತಿವರ್ಷ ಆ ಪಾಠ ಬಂದಾಗ ಅದೇ ದೃಶ್ಯವನ್ನು ತೋರಿಸುತ್ತೇನೆ. ಪ್ರಾತಿನಿಧ್ಯ ಎಂಬ ಶಬ್ದವನ್ನು ಮೊದಲು ಹೇಳುವುದಿಲ್ಲ. ಯಾರು ಎಲ್ಲಿ ಕುಳಿತಿದ್ದಾರೆ, ಬರೆಯಿರಿ ಎಂದು ಮಾತ್ರ ಹೇಳಿ ಸುಮ್ಮನೆ ನಿಲ್ಲುತ್ತೇನೆ. ಕೆಲವರು ಎರಡು ಸಾಲು ಬರೆಯುತ್ತಾರೆ. ಕೆಲವರು ಒಂದು ಪುಟ. ಅವರ ಉತ್ತರಗಳನ್ನು ಓದಿದಮೇಲೆ ನನ್ನ ಪಾಠ ಆರಂಭವಾಗುತ್ತದೆ.